ಲಗ್ನಪತ್ರ ತಿದ್ದುತ್ತಿದ್ದ ಕಾಕಾ

ಅಣ್ಣಿಗೇರಿ ಸುತ್ತಿನ ಹಳ್ಳಿಗಳಲ್ಲಿ ಯಾರ ಮನೆಗೆ ಎಷ್ಟು ಜನ ಅಳಿಯಂದಿರು, ಅವರಲ್ಲಿ ಯಾರು ಮಾವನ ಮನೆಯಲ್ಲಿ ಉಂಡು ಹೋಗುತ್ತಾರೆ, ಯಾರು ಕಟ್ಟೆಯ ಮೇಲೇ ಕೂತು ಚಹಾ ಕುಡಿದು ಎದ್ದುಬಿಡುತ್ತಾರೆ, ಯಾವ ಅಣ್ಣತಮ್ಮಂದಿರು ಒಂದೇ ಬದುವಿನ ಆಚೆ ಈಚೆ ಬಿತ್ತುತ್ತಿದ್ದರೂ ಹತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ, ಇಷ್ಟೆಲ್ಲ ಒಬ್ಬರ ತಲೆಯಲ್ಲಿತ್ತು. ಹೋದ ತಿಂಗಳು ಅವರು ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ಅಲ್ಲಿ ನೆರೆದವರ ಮುಖ ನೋಡುತ್ತ ನಿಂತಾಗ, ಇವರಲ್ಲಿ ಅರ್ಧ ಜನರ ಲಗ್ನಪತ್ರವನ್ನಾದರೂ ಕಾಕಾ ತಿದ್ದಿರಬೇಕು ಅನ್ನಿಸಿತು.

ಕಾಕಾ ನಮ್ಮ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದರು. ನಮ್ಮದೇನು ದೊಡ್ಡ ಪ್ರೆಸ್ಸಲ್ಲ. ಎರಡು ಖೋಲಿ, ಒಂದರಲ್ಲಿ ಮಷೀನು, ಇನ್ನೊಂದರಲ್ಲಿ ಕಂಪ್ಯೂಟರು ಮತ್ತು ನಾವು. ರಸೀದಿ ಪುಸ್ತಕ, ಶಾಲೆಯ ಪ್ರಗತಿಪತ್ರ ಇಂಥವು ವರ್ಷವಿಡೀ ಇರುತ್ತವೆ, ಆದರೆ ನಮ್ಮ ಹೊಟ್ಟೆ ತುಂಬುವುದು ಲಗ್ನಪತ್ರಗಳಿಂದ. ಕಾಕಾರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಗುಟ್ಟೇನಿಲ್ಲ, ತಮ್ಮ ಹೆಸರನ್ನು ಅಚ್ಚಿನಲ್ಲಿ ನೋಡುವುದೆಂದರೆ ಅವರಿಗೆ ಆಗಿಬರುತ್ತಿರಲಿಲ್ಲ. ಸ್ವಂತ ಮಗಳ ಲಗ್ನಪತ್ರದಲ್ಲಿ ಹಾಕಲೇಬೇಕಾಗಿ ಬಂದಾಗ ಆ ಒಂದು ಸಾಲನ್ನು ಮಾತ್ರ ನನ್ನ ಕೈಲಿ ಓದಿಸಿ, ತಾವು ಗೋಡೆ ಕಡೆ ಮುಖ ಮಾಡಿ ನಿಂತಿದ್ದರು.

ನಮ್ಮಪ್ಪನ ಕಾಲದಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಬಂದವರು ಅವರು. ಸೀಸದ ಮೊಳೆಗಳಲ್ಲಿ ಅಕ್ಷರ ತಿರುಗುಮುರುಗಾಗಿ ಇರುತ್ತದೆ. ಅದನ್ನೇ ಓದಿ ಓದಿ ಅವರಿಗೆ ಅಕ್ಷರ ಯಾವ ದಿಕ್ಕಿಗೆ ನಿಂತಿದ್ದರೂ ಒಂದೇ ಆಗಿಬಿಟ್ಟಿತ್ತು. ಚಹಾದಂಗಡಿಯಲ್ಲಿ ಎದುರು ಕೂತವನು ಪೇಪರು ಓದುತ್ತಿದ್ದರೆ ಇವರು ಇತ್ತಲಿಂದಲೇ ತಲೆಕೆಳಗಾಗಿ ಓದಿ ಮುಗಿಸಿ, "ಹಾಳಿ ತಿರುವ್ರಿ, ನಂದು ಮುಗೀತು" ಎನ್ನುವರು. ಎಷ್ಟೋ ಜನ ಬೈದಿದ್ದೂ ಉಂಟು. ಮೊಳೆಗಳನ್ನು ತೂಕಕ್ಕೆ ಹಾಕಿ ಕಂಪ್ಯೂಟರು ತಂದು ಎಷ್ಟೋ ವರ್ಷವಾದರೂ ಅವರ ಉಗುರಿನ ಸಂದಿಯಲ್ಲಿ ಕಪ್ಪು ಹಾಗೇ ಇತ್ತು. ಬಿಳಿ ಅಂಗಿ, ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕಪ್ಪಗಿದ್ದದ್ದು ಆ ಉಗುರುಗಳಷ್ಟೇ. ನನ್ನನ್ನು ಅವರು ಚಡ್ಡಿ ಹಾಕದ ಕಾಲದಿಂದ ನೋಡಿದವರು. ಗಿರಾಕಿಗಳ ಎದುರು "ಸಣ್ಣ ಸಾವ್ಕಾರ್ರ" ಎನ್ನುವರು, ನಾವಿಬ್ಬರೇ ಇದ್ದಾಗ "ತಮ್ಮಾ". ಸಿಟ್ಟು ಬಂದರೆ ಗಿರಾಕಿಗಳಿದ್ದರೂ "ತಮ್ಮಾ".

ಅವರ ಕೆಲಸದ ರೀತಿಯೇ ಬೇರೆ. ಮದುವೆ ಮನೆಯವರು ಹೆಸರು ಬರೆದು ತಂದ ಚೀಟಿಯನ್ನು ತೆಗೆದುಕೊಂಡು ಮಡಿಸಿ ಅಂಗಿಯ ಕಿಸೆಯಲ್ಲಿಟ್ಟುಬಿಡುತ್ತಿದ್ದರು. "ಈಗ ಬಾಯಿಲೆ ಹೇಳ್ರಿ" ಎನ್ನುವರು. ಅಜ್ಜನಿಂದ ಶುರು. ಅಜ್ಜನ ತಮ್ಮಂದಿರೆಷ್ಟು, ಅವರ ಮಕ್ಕಳಲ್ಲಿ ಯಾರು ಯಾರು ಬೇರೆ ಇದ್ದಾರೆ, ಹಿರಿಯ ಸೊಸೆಯ ತವರು ಯಾವುದು, ಸೋದರಮಾವ ಇದ್ದಾರೋ ಇಲ್ಲವೋ. ಅವಸರದವರು ಬಾಯಿಬಾಯಿ ಬಿಡುವರು. ಒಮ್ಮೆ ನಾನೇ ಕೇಳಿದೆ, ಚೀಟಿ ಇದ್ದೂ ಯಾಕೆ ಈ ಪಂಚಾಯ್ತಿ ಅಂತ.

"ಚೀಟಿ ಸುಳ್ಳ ಹೇಳ್ತೈತಿ ತಮ್ಮಾ. ಬರಿಯೂಮುಂದ ಯಾವ ಹೆಸರು ಬಿಡಬೇಕು ಅನ್ನೂದನ್ನ ಮನ್ಯಾಗ ಕುಂತು ವಿಚಾರ ಮಾಡಿ ಬರದಿರ್ತಾರ. ಬಾಯಿಲೆ ಹೇಳೂಮುಂದ ಆ ಹೆಸರಿನ ಹತ್ರ ಬಂದಾಗ ನಾಲಿಗಿ ತಡೀತೈತಿ. ಅಲ್ಲೇ ನಾ ಹಿಡೀತೀನಿ."

ಹೀಗೆ ಹಿಡಿದು ಅವರು ತಪ್ಪಿಸಿದ ಜಗಳಗಳಿಗೆ ಲೆಕ್ಕವಿಲ್ಲ. ಕುಂದಗೋಳ ಕಡೆಯ ಇಬ್ಬರು ದಾಯಾದಿಗಳು ಯಾರ ಹೆಸರು ಮೇಲೆ ಬರಬೇಕೆಂದು ನಮ್ಮ ಪ್ರೆಸ್ಸಿನಲ್ಲೇ ಅಂಗಿ ಹಿಡಿಯುವ ಹಂತಕ್ಕೆ ಹೋದಾಗ, ಕಾಕಾ ಇಬ್ಬರಿಗೂ ಚಹಾ ತರಿಸಿ, ಅರ್ಧ ಪತ್ರ ಹೀಗೆ, ಅರ್ಧ ಪತ್ರ ಹಾಗೆ ಅಚ್ಚು ಹಾಕಿಸಿ, ತಮ್ಮ ತಮ್ಮ ಕಡೆಯ ಬೀಗರಿಗೆ ತಾವೇ ಹಂಚುವಂತೆ ಮಾಡಿ ಕಳಿಸಿದರು. ಎರಡು ಸಲ ಮಷೀನು ಓಡಿಸಿ ನನ್ನ ಬೆನ್ನು ಹೋಯಿತು. ಮದುವೆ ಮಾತ್ರ ಚೆನ್ನಾಗಿ ನಡೆಯಿತಂತೆ.

ಇಂಥವರ ಕೈಯಲ್ಲಿ ಆ ತಪ್ಪು ಹೇಗಾಯಿತು ಎಂದು ಮೊದಲು ನನಗೆ ತಿಳಿಯಲೇ ಇಲ್ಲ.

ಒಂದು ಮುಂಜಾನೆ ಶಲವಡಿ ಕಡೆಯಿಂದ ಒಬ್ಬ ಅಜ್ಜ ಕೋಲೂರಿಕೊಂಡು ಪ್ರೆಸ್ಸಿಗೆ ಬಂದ. ಕೈಯಲ್ಲಿ ಮೊಮ್ಮಗನ ಲಗ್ನಪತ್ರ.

"ಇಲ್ಲಿ ಪ್ರೂಫ್ ನೋಡಾವ್ರು ಯಾರ್ರಿ?"

"ನಾನರಿ" ಎಂದರು ಕಾಕಾ.

"ನಾ ಎಂದು ಲಿಂಗೈಕ್ಯ ಆದೆ ಅನ್ನೂದನ್ನ ಒಂದೀಟು ಹೇಳ್ರಿ. ಮನ್ಯಾಗ ಯಾರೂ ನನಗ ಹೇಳೇ ಇಲ್ಲ."

ನೋಡಿದರೆ, ಅಜ್ಜನ ಹೆಸರಿನ ಹಿಂದೆ ತೀರಿಹೋದವರಿಗೆ ಹಾಕುವ 'ಲಿಂ.' ಕೂತಿತ್ತು. ಮೇಲಿನ ಸಾಲಿನಲ್ಲಿದ್ದದ್ದು ಟೈಪಿಂಗಿನಲ್ಲಿ ಕೆಳಗೆ ಜಾರಿತ್ತು. ಪತ್ರಗಳು ಆಗಲೇ ಊರೂರಿಗೆ ಹಂಚಿ ಹೋಗಿದ್ದವು. ನಾನು ನಕ್ಕೆ, ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಶೋಭಾ ನಕ್ಕಳು, ಕೊನೆಗೆ ಅಜ್ಜನೂ ನಕ್ಕ. ಕಾಕಾ ನಗಲಿಲ್ಲ. ಪತ್ರ ಇಸಿದುಕೊಂಡು ಮುಖದ ಹತ್ತಿರ ತಂದರು, ದೂರ ಹಿಡಿದರು, ಆಮೇಲೆ ಕುತ್ತಿಗೆ ಹೊರಳಿಸಿ ಕಣ್ಣಂಚಿನಿಂದ ನೋಡಲು ಹೋದರು. ನಮ್ಮ ನಗು ಅಲ್ಲೇ ನಿಂತಿತು.

ಅಜ್ಜನನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಕೇಳಿದೆ, ಎಷ್ಟು ದಿನದಿಂದ ಹೀಗೆ ಅಂತ.

"ದೀಪಾವಳಿ ಹಿಂದಮುಂದ ಇರಬೇಕು. ನಡುವ ಕಾಣೂದಿಲ್ಲ ತಮ್ಮಾ, ಅಂಚು ಕಾಣತಾವ. ಈಗ ನಿನ್ನ ಕಿವಿ ಕಾಣಾಕತ್ತಾವ, ಮಾರಿ ಇಲ್ಲ."

ಅಂದರೆ ನಾಲ್ಕು ತಿಂಗಳು ಅವರು ಅಂದಾಜಿನ ಮೇಲೇ ಪ್ರೂಫ್ ನೋಡುತ್ತಿದ್ದರು. ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಕಣ್ಣಿನ ಡಾಕ್ಟರು, ಇದು ಪೊರೆಯಲ್ಲ, ಒಳಪರದೆಯ ನಡುಭಾಗ ಸವೆದಿದೆ, ಆಪರೇಶನ್ ಮಾಡಿ ಸರಿಪಡಿಸುವಂಥದ್ದಲ್ಲ, ಪಕ್ಕದ ನೋಟ ಉಳಿಯುತ್ತದೆ, ಅಕ್ಷರ ಬಹಳ ದೊಡ್ಡದಿದ್ದರೆ ಓದಲು ಬಂದೀತು ಎಂದರು. ಬಸ್ಸಿನಲ್ಲಿ ತಿರುಗಿ ಬರುವಾಗಲೇ ನಾನು ಮನಸ್ಸಿನಲ್ಲಿ ತೀರ್ಮಾನಿಸಿಬಿಟ್ಟಿದ್ದೆ: ಇನ್ನು ಇವರ ಕೈಗೆ ಪ್ರೂಫ್ ಕೊಡುವುದಿಲ್ಲ.

ಆ ದಿನಗಳಲ್ಲಿ ನಾನು ನಡೆದುಕೊಂಡ ರೀತಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಾಯಿ ಬಿಟ್ಟು ಹೇಳುವ ಧೈರ್ಯವಿಲ್ಲ, ಕೆಲಸ ಕೊಡುವ ಧೈರ್ಯವೂ ಇಲ್ಲ. ಅವರು ಎಂದಿನಂತೆ ಹತ್ತಕ್ಕೆ ಬಂದು, ಮಷೀನಿಗೆ ವಿಭೂತಿ ಹಚ್ಚಿ ಕೈ ಮುಗಿದು, ಮೂಲೆಯ ಕುರ್ಚಿಯಲ್ಲಿ ಕೂಡುತ್ತಿದ್ದರು. "ಇವತ್ತ ಯಾರದೂ ಇಲ್ಲೇನು?" ಎಂದು ಕೇಳುವರು. "ಇಲ್ರಿ ಕಾಕಾ, ಈ ವರ್ಷ ಲಗ್ನ ಕಡಿಮಿ" ಎನ್ನುವೆ. ಬಾಜು ಖೋಲಿಯಲ್ಲಿ ಮಷೀನು ದಡಬಡ ಲಗ್ನಪತ್ರ ಉಗುಳುತ್ತಿರುತ್ತಿತ್ತು. ಕಣ್ಣು ಹೋದವರಿಗೆ ಕಿವಿಯೂ ಹೋಗಿದೆ ಎಂದುಕೊಂಡಿದ್ದೆನೋ ಏನೋ. ಸಂಜೆ ಐದರವರೆಗೆ ಕೂತು ಎದ್ದು ಹೋಗುತ್ತಿದ್ದರು.

ಅವರಿಗೇನು ಮನೆಯಲ್ಲಿ ಕಡಿಮೆ ಇರಲಿಲ್ಲ. ಮಗ ಹೊಲ ಮಾಡುತ್ತಿದ್ದ, ಸೊಸೆ ಹೊತ್ತಿಗೆ ಸರಿಯಾಗಿ ಬುತ್ತಿ ಕಟ್ಟಿ ಕಳಿಸುತ್ತಿದ್ದಳು. ಒಂದು ದಿನ, "ಮನ್ಯಾಗ ಆರಾಮ ಇರಬಾರದೇನ್ರಿ?" ಎಂದು ಮೆಲ್ಲಗೆ ಅಂದೆ.

"ಮನ್ಯಾಗ ಕುಂತ್ರ ಎಲ್ಲಾರೂ ನನ್ನ ಮಾರಿ ನೋಡ್ತಾರ, ತಮ್ಮಾ. 'ಅಜ್ಜಗ ಕಾಣೂದಿಲ್ಲ, ಕೈ ಹಿಡೀರಿ' ಅಂತಾರ. ಇಲ್ಲಿ ನಾ ನಾಕ ಮಂದಿ ಹೆಸರು ನೋಡ್ತಿದ್ದೆ. ಅದೊಂದು ಹೋದ್ರ ನಾ ಬರೇ ಕೈ ಹಿಡಸ್ಕೊಳ್ಳಾಂವ ಆಗತೀನಿ."

ಇದಕ್ಕೊಂದು ದಾರಿ ಹೊಳೆದದ್ದು ಶೋಭಾಳಿಗೆ. ಅವಳು ಸುಮ್ಮನೆ ಕೂಡುವ ಹೆಂಗಸಲ್ಲ. ಮಾರನೆಯ ದಿನ ಕಾಕಾರನ್ನು ಮಾನಿಟರಿನ ಮುಂದೆ ಕೂರಿಸಿ, ಒಂದೊಂದೇ ಅಕ್ಷರ ದೊಡ್ಡದು ಮಾಡುತ್ತ ಹೋದಳು. ಅಕ್ಷರ ಮುಷ್ಟಿಯಷ್ಟಾದಾಗ ಕಾಕಾ ಕುತ್ತಿಗೆ ಹೊರಳಿಸಿ, "ಶ್ರೀ" ಎಂದರು. ಆದರೆ ಆ ಸಣ್ಣ ಮಾನಿಟರಿನಲ್ಲಿ ಅಷ್ಟು ದೊಡ್ಡ ಅಕ್ಷರ ಎರಡು ಮೂರಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಗೋಡೆಗೆ ಹಾಕುವಂಥ ದೊಡ್ಡ ಟಿವಿ ಇದ್ದರೆ ಕೆಲಸವಾದೀತು ಎಂದಳು. ಟಿವಿ ತಂದೆ. ತಂದ ಮೇಲೆ ತಿಳಿಯಿತು, ನಮ್ಮ ಕಂಪ್ಯೂಟರಿನ ಕೇಬಲ್ಲು ಸಿಕ್ಕಿಸಲು ಹೊಸ ಟಿವಿಯಲ್ಲಿ ತೂತೇ ಇಲ್ಲ. ನಡುವೆ ಹಾಕುವ ಒಂದು ಡಬ್ಬಿ ತಂದು ನೋಡಿದೆವು. ಅಕ್ಷರಗಳೆಲ್ಲ ಮಳೆಯಲ್ಲಿ ನೆನೆದ ಪೇಪರಿನಂತೆ ಹರಡಿಕೊಂಡವು.

ಹೊಸ ಕಂಪ್ಯೂಟರು ತಗೊಳ್ಳಬಾರದೇ ಎಂದು ನೀವು ಕೇಳಬಹುದು. ನಮ್ಮ ಕಂಪ್ಯೂಟರು ನನ್ನ ಮಗಳಿಗಿಂತ ಎರಡು ವರ್ಷ ಹಿರಿಯದು, ನಿಜ. ಆದರೆ ಅದರೊಳಗಿನ ಕನ್ನಡ ಟೈಪಿಂಗು ಆ ಕಾಲದ್ದು. ಅದನ್ನು ಮಾಡಿಕೊಟ್ಟವರು ಅಂಗಡಿ ಮುಚ್ಚಿ ಯಾವ ಕಾಲವಾಯಿತೋ. ಹೊಸ ಕಂಪ್ಯೂಟರಿಗೆ ಹಾಕಿದರೆ ಒತ್ತಕ್ಷರಗಳೆಲ್ಲ ಖಾಲಿ ಚೌಕಗಳಾಗಿ ಕೂಡುತ್ತವೆ. ಇಷ್ಟು ವರ್ಷದ ಲಗ್ನಪತ್ರಗಳೆಲ್ಲ ಅದರಲ್ಲೇ ಇವೆ. ಹಾಗಾಗಿ ಹಳೆಯ ಕಂಪ್ಯೂಟರಿಗೇ ಹೊಸ ಕಣ್ಣು ಜೋಡಿಸಬೇಕಿತ್ತು. ಹುಬ್ಬಳ್ಳಿಯ ಅಂಗಡಿಯವನು ಅದಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕು ಎಂದ.

"ನಿಮ್ಮದು ಭಾಳ ಹಳೇ ಮಷೀನ್ ಐತ್ರಿ, ಕಾರ್ಡ್ ಹೊಸಾದು. ಕರೆಂಟ್ ಭಾಳ ಎಳೀಲಾರದ್ದು ನೋಡಿ ಕೊಡ್ತೀನಿ. ಒಪ್ಪಿಕೊಂಡ್ರ ಒಪ್ಪಿಕೊಂತು" ಎಂದು ಅವನು ಮೊದಲೇ ಕೈ ತೊಳೆದುಕೊಂಡ. ಅಂಗೈಯಗಲದ ಹಲಗೆ, ಮೇಲೊಂದು ಪುಟ್ಟ ಫ್ಯಾನು, ಕೆಳಗೆ ಬಂಗಾರದ ಬಣ್ಣದ ಅಂಚು. ಆ ಅಂಚು ಕಂಪ್ಯೂಟರಿನೊಳಗಿನ ಉದ್ದನೆಯ ಸೀಳಿನಲ್ಲಿ ಕೂತರೆ ಕಾರ್ಡಿಗೂ ಕಂಪ್ಯೂಟರಿಗೂ ಮಾತುಕತೆ ಶುರುವಾಗುತ್ತದಂತೆ. ನನಗೆ ಇಂಥ ಕೆಲಸದಲ್ಲಿ ಸ್ವಲ್ಪ ಹೆಚ್ಚೇ ಹೆಮ್ಮೆ. ನಾನೇ ಹಾಕಿಕೊಳ್ಳುತ್ತೇನೆ ಎಂದು ತಂದೆ.

ಕಂಪ್ಯೂಟರಿನ ಡಬ್ಬಿ ಬಿಚ್ಚಿದೆ. ಒಳಗಿದ್ದ ಎರೆಮಣ್ಣಿನ ಧೂಳಿನಲ್ಲಿ ಒಂದು ಸಾಲು ಜೋಳ ಬಿತ್ತಬಹುದಿತ್ತು. ಊದಿ ಒರೆಸಿ, ಕಾರ್ಡನ್ನು ಪೇಪರಿನ ಮೇಲಿಟ್ಟು, ಸಣ್ಣ ಸ್ಕ್ರೂ ಡ್ರೈವರ್ ಹುಡುಕಲು ಬಾಜು ಖೋಲಿಗೆ ಹೋಗಿ ಬಂದೆ. ಕಾರ್ಡು ಕೂರಿಸಿ, ಸ್ಕ್ರೂ ಬಿಗಿದು, ಟಿವಿಗೆ ಕೇಬಲ್ಲು ಹಾಕಿ ಚಾಲೂ ಮಾಡಿದೆ. ಹಳೆಯ ಮಾನಿಟರಿನಲ್ಲಿ ಎಲ್ಲ ಮೊದಲಿನಂತೆ ಬಂತು. ಟಿವಿಯಲ್ಲಿ ಮಾತ್ರ 'ಸಿಗ್ನಲ್ ಇಲ್ಲ'. ತೆಗೆದೆ, ಹಾಕಿದೆ, ಒತ್ತಿದೆ, ಬೈದೆ. ಕಾಕಾ ಕುರ್ಚಿಯಿಂದ ಎದ್ದು ನಿಂತೇ ಇದ್ದರು. "ಆತೇನು?" "ಆಗವಲ್ದು." "ಆಗತೈತಿ ಬಿಡು."

ಮರುದಿನ ಕಾರ್ಡು ಹಿಡಿದು ಹುಬ್ಬಳ್ಳಿಗೆ ಹೋದೆ. ಅಂಗಡಿಯವನು ಅಂಚನ್ನು ನೋಡಿ, ರಬ್ಬರಿನಿಂದ ತಿಕ್ಕಿ, "ನಿಮ್ಮ ಕಡೆ ಧೂಳ ಭಾಳ ಬಿಡ್ರಿ" ಎಂದು ತನ್ನ ಕಂಪ್ಯೂಟರಿಗೆ ಹಾಕಿದ. ಚಿತ್ರ ಕನ್ನಡಿಯಂತೆ ಬಂತು. ನಾನು ಬೆಪ್ಪಾಗಿ ತಿರುಗಿ ಬಂದೆ. ಮತ್ತೆ ಡಬ್ಬಿ ಬಿಚ್ಚಿದೆ. ಅಷ್ಟರಲ್ಲಿ ಗಿರಾಕಿ ಬಂದ, ಅವನ ಜೊತೆ ಎರಡು ಮಾತಾಡಿ ಬಂದು ಕಾರ್ಡು ಕೂರಿಸಿದೆ. ಮತ್ತೆ ಅದೇ, 'ಸಿಗ್ನಲ್ ಇಲ್ಲ'.

ಎರಡನೆಯ ಸಲ ಹೋದಾಗಲೂ ಅಂಗಡಿಯವನು ರಬ್ಬರಿನಿಂದ ತಿಕ್ಕಿದ, ಅವನಲ್ಲಿ ಮತ್ತೆ ಚಿತ್ರ ಬಂತು. ನಾನು ಅವನ ಮೇಲೆ ರೇಗಿದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಕಾರ್ಡು ನಿಮ್ಮ ಕಂಪ್ಯೂಟರಿಗೆ ಹೊಂದುವುದಿಲ್ಲ, ನನ್ನದೇನು ತಪ್ಪು ಎಂದ ಅವನು. ಇನ್ನೊಂದೇ ಸಲ ನೋಡಿ, ಆಗದಿದ್ದರೆ ಬಿಟ್ಟೇಬಿಡುವುದೆಂದು ನಿರ್ಧರಿಸಿ ಬಂದೆ. ಆ ಮಾತನ್ನು ಪ್ರೆಸ್ಸಿನಲ್ಲಿ ಎಲ್ಲರೆದುರು ಹೇಳಿಯೂ ಬಿಟ್ಟೆ.

ಕಾಕಾ ಮೆಲ್ಲಗೆ ಹೇಳಿದರು, "ಅದಕ್ಕ ನಾ ಬ್ಯಾಡಾಗಿರಬೇಕು ತಮ್ಮಾ. ನೀ ಯಾಕ ಬಸ್ಸಿಗೆ ಅಡ್ಡಾಡ್ತಿ."

ನಾನು ಕೇಳಿಸದವನಂತೆ ಡಬ್ಬಿ ಬಿಚ್ಚಲು ಕೂತೆ. ಕಾರ್ಡು ಬೆನ್ನ ಹಿಂದಿನ ಮೇಜಿನ ಮೇಲಿತ್ತು. ಆಗ ಶೋಭಾಳ ದನಿ ಕೇಳಿಸಿತು.

"ಕಾಕಾರ, ಅದಕ್ಕ ಏನ್ ಹಚ್ಚಾಕತ್ತೀರಿ?"

ತಿರುಗಿ ನೋಡಿದೆ. ಕಾಕಾ ಎಡಗೈಯಲ್ಲಿ ಕಾರ್ಡು ಹಿಡಿದು, ಬಲಗೈಯ ಮೂರು ಬೆರಳನ್ನು ನೀರಲ್ಲಿ ಕಲೆಸಿದ ವಿಭೂತಿಯಲ್ಲಿ ಅದ್ದಿ, ಬಂಗಾರದ ಅಂಚಿಗೆ ಅತ್ತಲಿಂದಿತ್ತ ದಪ್ಪಗೆ ಎಳೆಯುತ್ತಿದ್ದರು. ಬಾಯಲ್ಲಿ ಸಣ್ಣಗೆ ಶಿವನಾಮ ನಡೆದಿತ್ತು.

ಅವರು ಮೊದಲ ದಿನದಿಂದಲೂ ಇದನ್ನೇ ಮಾಡುತ್ತಿದ್ದರು. ಹೊಸದು ಏನೇ ಬರಲಿ, ಕತ್ತರಿಯಿಂದ ಮಷೀನಿನವರೆಗೆ, ಅವರ ವಿಭೂತಿ ಬೀಳದೆ ನಮ್ಮಲ್ಲಿ ಕೆಲಸಕ್ಕೆ ಇಳಿದದ್ದೇ ಇಲ್ಲ. ಈ ಕಾರ್ಡಿನಲ್ಲಿ ಬಂಗಾರದಂಥ ಭಾಗ ಅದೊಂದೇ. ಹಣೆ ಎಲ್ಲಿದೆ ಎಂದು ಬೆರಳಾಡಿಸಿ ಹುಡುಕಿದವರಿಗೆ ಅದೇ ಹಣೆ ಅನ್ನಿಸಿತ್ತು. ಒಣಗಿದ ವಿಭೂತಿ ಅಂಚನ್ನೆಲ್ಲ ಮುಚ್ಚಿ, ಕಾರ್ಡಿನ ಬಾಯಿ ಕಟ್ಟಿತ್ತು. ಮೊದಲೆರಡು ಸಲವೂ ನನಗೆ ಅಂಚು ಬೆಳ್ಳಗೆ ಕಂಡಿತ್ತು. ಹೊಸ ಮಾಲಿಗೆ ಕಂಪನಿಯವರೇ ಏನೋ ಪೌಡರು ಹಚ್ಚಿ ಕಳಿಸಿದ್ದಾರೆ ಎಂದುಕೊಂಡು ಗಟ್ಟಿಯಾಗಿ ಒತ್ತಿದ್ದೆ. ಎರಡು ಸಲ ಆಗದೇ ಹೋದದ್ದಕ್ಕೆ ಹೆದರಿ, ಮೂರನೆಯ ಸಲ ಅವರು ಮತ್ತಷ್ಟು ದಪ್ಪಗೆ ಹಚ್ಚಿದ್ದರು.

"ಕಾರ್ಡಿಗೆ ಏನೂ ಆಗಿಲ್ಲ, ಎಲ್ಲಾ ಆಗಿದ್ದು ನಿಮ್ಮ ಈಬತ್ತಿಲಿಂದ!" ಎಂದು ಕೂಗಾಡಿದೆ. ಅಂದುಬಿಟ್ಟೆ. ಕಾಕಾ ಕೈಯನ್ನು ಧೋತರದಂಚಿಗೆ ಒರೆಸಿಕೊಂಡು ಕಾರ್ಡನ್ನು ಮೇಜಿನ ಮೇಲಿಟ್ಟರು. ಶೋಭಾ ನನ್ನನ್ನು ಸುಡುವಂತೆ ನೋಡಿ, ಡ್ರಾವರಿನಿಂದ ಪೆನ್ಸಿಲ್ ಅಳಿಸುವ ರಬ್ಬರು ತೆಗೆದು ಅಂಚನ್ನು ತಿಕ್ಕಲು ಕೂತಳು. ಒಳಗಿನ ಸೀಳನ್ನು ನಾನು ಬ್ರಶ್ಶಿನಿಂದ ಕೆದಕಿದೆ, ಅಲ್ಲಿಂದಲೂ ಬಿಳಿ ಪುಡಿ ಉದುರಿತು.

ರಬ್ಬರು ತಿಕ್ಕುವ ಸದ್ದು ನಿಂತ ಮೇಲೆ ಕಾಕಾ ಕೇಳಿದರು, "ಹೊರಗಿನ ಡಬ್ಬಿಗೆ ಹಚ್ಚಿದ್ರ ಅದಕ್ಕ ಮುಟ್ಟತೈತೇನು?"

"ಮುಟ್ಟತೈತ್ರಿ ಕಾಕಾರ" ಎಂದಳು ಶೋಭಾ. "ಹಚ್ಚರಿ."

ಡಬ್ಬಿಗೆ ಹಚ್ಚಿದರು. ಚಾಲೂ ಮಾಡಿದೆ. ಟಿವಿ ಒಮ್ಮೆ ಮಿನುಗಿ, ಗೋಡೆಯ ತುಂಬ ಬೆಳಕಾಯಿತು. ಶೋಭಾ ಒಂದು ಲಗ್ನಪತ್ರ ತೆರೆದು ಅಕ್ಷರ ಹಿಗ್ಗಿಸಿದಳು. ಕಾಕಾ ಕುರ್ಚಿ ಹತ್ತಿರ ಎಳೆದುಕೊಂಡು, ಕುತ್ತಿಗೆ ಎಡಕ್ಕೆ ಹೊರಳಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಹೋಗಿ 'ಶ್ರೀ'ಯ ದೀರ್ಘವನ್ನು ಬೆರಳಿನಿಂದ ಸವರಿದರು.

"ಇಷ್ಟ ದೊಡ್ಡ ಮೊಳಿ ನಮ್ಮ ಪ್ರೆಸ್‌ನ್ಯಾಗ ಎಂದೂ ಇದ್ದಿದ್ದಿಲ್ಲ, ತಮ್ಮಾ."

ನಾನು ಮಷೀನಿನ ಕೆಲಸವಿದೆ ಎಂದು ಬಾಜು ಖೋಲಿಗೆ ಎದ್ದು ಹೋದೆ.

ಮುಂದೆ ಎರಡೂವರೆ ವರ್ಷ ಅವರು ಆ ಟಿವಿಯ ಮುಂದೆ ಕೂತು ಪ್ರೂಫ್ ನೋಡಿದರು. ಒಂದು ಸಲಕ್ಕೆ ಎರಡು ಹೆಸರು ಹಿಡಿಯುವಷ್ಟು ದೊಡ್ಡ ಅಕ್ಷರ. ಗಟ್ಟಿಯಾಗಿ ಓದುವರು, "ಸರಿಸು ಶೋಭವ್ವಾ" ಎನ್ನುವರು, ಅವಳು ಪುಟ ಸರಿಸುವಳು. ಮೊದಲು ಹತ್ತು ನಿಮಿಷದಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಒಂದು ತಾಸು. ನಾನು ಒಳಗೊಳಗೇ ಚಡಪಡಿಸುತ್ತಿದ್ದೆ. ಗಿರಾಕಿಗಳಿಗೆ ಮಾತ್ರ ಅದೊಂದು ನೋಟವಾಯಿತು. ಗೋಡೆಯ ಮೇಲೆ ತಮ್ಮ ಅಜ್ಜನ ಹೆಸರು ಮೊಳದುದ್ದ ಬಂದದ್ದನ್ನು ನೋಡಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡವರಿದ್ದಾರೆ. ಒಬ್ಬ ಹೆಣ್ಣುಮಗಳು, "ನನ್ನ ಹೆಸರೂ ಅಷ್ಟ ದೊಡ್ಡದು ಮಾಡಿ ಒಮ್ಮೆ ತೋರಸ್ರಿ" ಎಂದು ಕೇಳಿ ನೋಡಿ ಹೋದಳು.

ಬೇಸಿಗೆಯಲ್ಲಿ ಮಾತ್ರ ಕಾರ್ಡು ಕಾದು, ಟಿವಿ ಆಗಾಗ ಕಪ್ಪಾಗಿಬಿಡುತ್ತಿತ್ತು. ಹಳೆಯ ಡಬ್ಬಿಯಲ್ಲಿ ಗಾಳಿ ಆಡಲು ಜಾಗವಿಲ್ಲ. ಪರದೆ ಕಪ್ಪಾದದ್ದು ಎಲ್ಲರಿಗಿಂತ ಮೊದಲು ಕಾಕಾರಿಗೇ ತಿಳಿಯುತ್ತಿತ್ತು. "ಕಣ್ಣ ಮುಚ್ಚಿತು ನೋಡ ಶೋಭವ್ವಾ" ಎನ್ನುವರು. ಅವಳು ಬಂದ್ ಮಾಡಿ, ಐದು ನಿಮಿಷ ಬಿಟ್ಟು ಚಾಲೂ ಮಾಡುವಳು.

ಅವರು ತಿದ್ದಿದ ಕೊನೆಯ ಲಗ್ನಪತ್ರ ನವಲಗುಂದ ಕಡೆಯ ಒಂದು ಹಳ್ಳಿಯ ಗೌಡರದು. ಕಿರಿಯ ಮಗಳ ಮದುವೆ. ಗೌಡರು ಒಳ್ಳೆಯ ಮನುಷ್ಯರೇ, ಆದರೆ ಮಾತು ಹಿಡಿದರೆ ಬಿಡುವವರಲ್ಲ. ಮೂರು ವರ್ಷದ ಹಿಂದೆ ಅವರ ಹಿರಿಯ ಮಗಳು ತಾನೇ ಮೆಚ್ಚಿದವನನ್ನು ಲಗ್ನವಾಗಿ ಗದಗಿಗೆ ಹೋದ ಮೇಲೆ, ಅವಳ ಹೆಸರನ್ನು ಮನೆಯಲ್ಲಿ ಯಾರೂ ಎತ್ತದಂತೆ ಮಾಡಿದ್ದರು. ಹೆಸರು ಬರೆಸಲು ಬಂದ ದಿನ ಕಾಕಾ ಎಂದಿನಂತೆ ಅಜ್ಜನಿಂದ ಶುರು ಮಾಡಿ, ಹೆಣ್ಣುಮಕ್ಕಳು ಅಳಿಯಂದಿರ ಹತ್ತಿರ ಬಂದು, ಗದಗಿನ ಸುದ್ದಿಯೆಲ್ಲ ಗೊತ್ತಿದ್ದೂ, "ಹಿರೇ ಮಗಳು?" ಎಂದು ಕೇಳಿದರು. ಗೌಡರು, "ಅದನ್ನ ಬಿಡ್ರಿ" ಎಂದರು. ಕಾಕಾ ಮುಂದಿನ ಹೆಸರಿಗೆ ಹೋದರು.

ಪ್ರೂಫಿನ ದಿನ ಗೌಡರು ಬಂದು ಬೆಂಚಿನ ಮೇಲೆ ಕೂತರು. ಅಗದಿ ಸುಡುಬಿಸಿಲು. ನಾನು ಅಚ್ಚಾದ ಪ್ರೂಫಿನ ಹಾಳೆ ಹಿಡಿದು ಪಕ್ಕದಲ್ಲಿದ್ದೆ. ಕಾಕಾ ಟಿವಿಯ ಮುಂದೆ ಕೂತು ಓದಲು ಶುರು ಮಾಡಿದರು. ಮೇಲಿನ ದೇವರ ಹೆಸರು ಆಯಿತು, ವಧೂವರರ ಹೆಸರು ಆಯಿತು, ಮುಹೂರ್ತ ಆಯಿತು. 'ಸುಖಾಗಮನ ಬಯಸುವವರು' ಎಂಬಲ್ಲಿಗೆ ಬಂದಾಗ ಟಿವಿ ಕಪ್ಪಾಯಿತು.

ಶೋಭಾ ಮೌಸಿನಿಂದ ಕೈ ತೆಗೆದಳು. ಕಾಕಾ ಈಗ ಹೇಳುತ್ತಾರೆ ಎಂದು ನಾವಿಬ್ಬರೂ ಕಾದೆವು.

ಅವರು ಹೇಳಲಿಲ್ಲ. ಕುತ್ತಿಗೆ ಅದೇ ರೀತಿ ಹೊರಳಿಸಿಕೊಂಡು, "ಶ್ರೀಮತಿ ನೀಲವ್ವ ಮತ್ತು ಶ್ರೀ ಶಂಕರಗೌಡರು" ಎಂದು ಓದಿದರು. "ಸರಿಸು ಶೋಭವ್ವಾ."

ಎಷ್ಟು ದಿನದಿಂದ ಹೀಗಿತ್ತೋ. ನಡುವಿನ ಕತ್ತಲೆ ಅಂಚಿನವರೆಗೂ ಹಬ್ಬಿದ್ದನ್ನು ಅವರು ಯಾರಿಗೂ ಹೇಳಿರಲಿಲ್ಲ. ಶೋಭಾ ನನ್ನ ಮುಖ ನೋಡಿದಳು. ನಾನು ಬೆರಳು ತುಟಿಯ ಮೇಲಿಟ್ಟೆ.

"ಸರಿಸೀನ್ರಿ" ಎಂದಳು.

ಗೌಡರಿಗೂ ತಿಳಿಯಿತು. ಬಾಯಿ ತೆರೆಯಹೋದವರು ನನ್ನ ಬೆರಳು ನೋಡಿ ಸುಮ್ಮನಾದರು. ಕಾಕಾ ಕಪ್ಪು ಪರದೆಯನ್ನು ನೋಡುತ್ತ ಒಂದೊಂದೇ ಹೆಸರು ಓದಿದರು. ನಾನು ಹಾಳೆಯ ಮೇಲೆ ಬೆರಳಿಟ್ಟು ಹಿಂಬಾಲಿಸಿದೆ. ಚಿಕ್ಕಪ್ಪಂದಿರು, ಅವರ ಮಕ್ಕಳು, ಕುಂದಗೋಳದ ಸೋದರಮಾವ, ಒಂದು ಹೆಸರು ಹಿಂದುಮುಂದಾಗಲಿಲ್ಲ. ಗೌಡರು ಒಮ್ಮೆ ಬಾಯಲ್ಲಿ ಹೇಳಿದ್ದನ್ನು ಅವರು ಹಾಗೇ ನೆನಪಿನಲ್ಲಿಟ್ಟುಕೊಂಡಿದ್ದರು. ಹೆಣ್ಣುಮಕ್ಕಳು ಅಳಿಯಂದಿರ ಸಾಲು ಬಂತು.

"ಸೌಭಾಗ್ಯವತಿ ಸುನಂದಾ ಮತ್ತು ಶ್ರೀ ಪ್ರಕಾಶ, ಗದಗ" ಎಂದು ಓದಿದರು ಕಾಕಾ.

ನನ್ನ ಬೆರಳು ಹಾಳೆಯ ಮೇಲೆ ನಿಂತಿತು. ಆ ಹೆಸರು ಅಲ್ಲಿರಲಿಲ್ಲ.

"ಕಾಕಾರ" ಎಂದರು ಗೌಡರು. "ಆ ಹೆಸರು ನಾ ಬರಿಸಿಲ್ಲ."

"ಇಲ್ಲೇ ಐತಲ್ರಿ ಗೌಡ್ರ." ಕಾಕಾ ಕೈಯೆತ್ತಿ ಕಪ್ಪು ಪರದೆಯ ನಡುಭಾಗವನ್ನು ತೋರಿಸಿದರು. "ಇಷ್ಟ ದಪ್ಪ ಅಕ್ಷರದಾಗ ಕಾಣಾಕತ್ತೈತಿ."

ಪರದೆ ಕಪ್ಪಾದದ್ದು ಅವರಿಗೆ ಗೊತ್ತಿತ್ತೋ ಇಲ್ಲವೋ, ಆ ಹೆಸರು ತಾನಾಗಿ ಬಾಯಿಗೆ ಬಂತೋ ಬೇಕೆಂದೇ ಓದಿದರೋ, ನನಗೆ ಇಂದಿಗೂ ತಿಳಿಯದು. ಮರುದಿನದಿಂದ ಅವರು ಪ್ರೆಸ್ಸಿಗೆ ಬರಲಿಲ್ಲ. ಆಮೇಲೆ ಎಷ್ಟೋ ಸಲ ಅವರ ಮನೆಗೆ ಹೋಗಿ ಕೂತು ಬಂದೆ, ಕೇಳಲು ಮಾತ್ರ ಧೈರ್ಯವಾಗಲಿಲ್ಲ.

ಗೌಡರು ಪರದೆ ನೋಡಿದರು, ಕಾಕಾರ ಹೊರಳಿದ ಕುತ್ತಿಗೆ ನೋಡಿದರು. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಹಳ ಹೊತ್ತು ಅದನ್ನು ಮುಖದ ಮೇಲೇ ಇಟ್ಟುಕೊಂಡರು.

"ಇರ್ಲಿ" ಎಂದರು ಕೊನೆಗೆ, ನನ್ನ ಕಡೆ ನೋಡದೆ. "ಕಾಕಾರಿಗೆ ಕಂಡಂಗ ಅಚ್ಚ ಹಾಕ್ರಿ."

ಕಾಕಾ ತಲೆಯಾಡಿಸಿದರು. "ಸರಿಸು ಶೋಭವ್ವಾ."

ಶೋಭಾಳ ಎರಡೂ ಕೈ ಮಡಿಲಲ್ಲೇ ಇದ್ದವು.

"ಸರಿಸೀನ್ರಿ ಕಾಕಾರ" ಎಂದಳು. "ಓದ್ರಿ."